ಎಣ್ಣೆ ತೆಗೆಸಿಕೊಂಡ ಕಣ್ಣು

ಗೋಡೆ ಗಡಿಯಾರದಲ್ಲಿ ಹನ್ನೆರಡರ ಅಂಕಿ ಇರಲಿಲ್ಲ. ಹಲ್ಲುಜ್ಜುತ್ತಿದ್ದವನು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ತಲೆ ಎತ್ತಿದ. ಹನ್ನೆರಡು ಬಂತು, ಅದರ ಮೇಲಿನ ಗೋಡೆ ಹೋಯಿತು. ಬಲಗಣ್ಣು ಚಿಕ್ಕಂದಿನಲ್ಲೇ ಚೆಂಡಿನೇಟಿಗೆ ಹೋಗಿತ್ತು. ಉಳಿದಿದ್ದ ಎಡಗಣ್ಣಿನಲ್ಲಿ ಈಗ ಮೇಲಿನಿಂದ ಕಪ್ಪು ಇಳಿಯುತ್ತಿತ್ತು.

"ಯಾಕ್ರೀ ಹಾಗೆ ನಿಂತ್ರಿ?" ಎಂದಳು ಹೆಂಡತಿ.

"ಏನಿಲ್ಲ."

ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ರೆಟಿನಾ, ಕಣ್ಣಿನ ಒಳಪರದೆ, ಕಳಚಿಕೊಂಡಾಗಲೂ ಹೀಗೇ ಶುರುವಾಗಿತ್ತು. ಪರದೆಯನ್ನು ಒತ್ತಿ ಹಿಡಿಯಲೆಂದು ಕಣ್ಣೊಳಗೆ ಸಿಲಿಕಾನ್ ಎಣ್ಣೆ ತುಂಬಿದ್ದರು. ವಾರಗಟ್ಟಲೆ ಬೋರಲು ಮಲಗಿ, ಮನೆಯವರನ್ನೆಲ್ಲ ಪಾದಗಳಿಂದ ಗುರುತಿಸಿದ್ದ. ಎದ್ದ ಮೇಲೆ ಎಣ್ಣೆಯೊಳಗಿಂದ ಮುಖಗಳು ಕಲಸಿಟ್ಟ ಹಿಟ್ಟಿನಂತೆ ಕಂಡಿದ್ದವು.

ಎಣ್ಣೆ ಒಳಗೇ ಬಿಟ್ಟರೆ ಒತ್ತಡ ಏರಿ ನರ ಒಣಗಬಹುದು. ತೆಗೆದರೆ ಪರದೆ ಮತ್ತೆ ಕಳಚಬಹುದು. ಇಷ್ಟು ಹೇಳಿ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದ್ದರು. "ನಿರ್ಧಾರ ನಿಮ್ಮದೇ."

ಅವನಿಗೆ ಮೈಯೆಲ್ಲ ಉರಿದಿತ್ತು.

"ಒಂದಿಷ್ಟು ಕಾಣ್ತಿದೆಯಲ್ಲ, ಸದ್ಯ ಇರ್ಲಿ ಬಿಡಿ," ಎಂದಿದ್ದಳು ಹೆಂಡತಿ. ಅವಳ ತಮ್ಮನೂ ಹೂಂಗುಟ್ಟಿದ್ದ. "ಕಣ್ಣು ನಂದು, ನಿಮ್ಮಪ್ಪಂದಲ್ಲ!" ಎಂದು ಕೂಗಾಡಿ ಎಣ್ಣೆ ತೆಗೆಸಿಕೊಂಡಿದ್ದ. ಕೆಲವು ದಿನ ಲೋಕ ತೊಳೆದಿಟ್ಟಂತಿತ್ತು.

ಈಗ ಬಾಯಿಬಿಟ್ಟರೆ ಅವಳು 'ನಾನು ಹೇಳಿರ್ಲಿಲ್ವಾ' ಎನ್ನುವುದಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿ ಅವನ ಜೊತೆ ಆಸ್ಪತ್ರೆಗೆ ಹೊರಡುತ್ತಾಳೆ. ಆ ಸುಮ್ಮನಿರುವುದನ್ನು ನೆನೆದೇ ಅವನಿಗೆ ಸಿಟ್ಟು ನೆತ್ತಿಗೇರಿತು. ತಿಂಡಿ ಬಿಟ್ಟು ಕೆಲಸಕ್ಕೆ ಹೊರಟ.

ಹಳೆಯ ಕಟ್ಟಡಗಳ ಬಿರುಕು ನೋಡಿ ವರದಿ ಬರೆಯುವ ಎಂಜಿನಿಯರ್ ಅವನು. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಚಾವಣಿಯ ಬಿರುಕಿನತ್ತ ಕೈ ತೋರಿಸಿದಳು.

"ಇರಬಹುದಾ ಸಾರ್, ಖಾಲಿ ಮಾಡ್ಬೇಕಾ?"

ತಲೆ ಎತ್ತಿದರೆ ಕಪ್ಪು ಎಷ್ಟು ಇಳಿದಿದೆಯೆಂದು ತಿಳಿದುಬಿಡುತ್ತದೆ. ಅವನು ಎತ್ತಲಿಲ್ಲ.

"ಬೀಳಬಹುದು, ಬೀಳದೇನೂ ಇರಬಹುದು. ನಿರ್ಧಾರ ನಿಮ್ಮದೇ."

"ಮತ್ತೆ ನೀವ್ಯಾಕೆ ಬಂದ್ರಿ?"

ಅವನು ಬಾಗಿಲತ್ತ ತಿರುಗಿದ. ಇಳಿಯುವಾಗ ಮೆಟ್ಟಿಲಲ್ಲಿ ಫೋನು ಹೊಡೆದುಕೊಂಡಿತು. ಆಸ್ಪತ್ರೆಯ ನರ್ಸು.

"ಮಿಂಚು, ನೆರಳು ಏನಾದ್ರೂ ಕಾಣ್ತಿದೆಯಾ ಸಾರ್? ಕಂಡ್ರೆ ಇವತ್ತೇ ಬಂದ್ಬಿಡಿ."

"ಇಲ್ಲ."

"ಒಂಚೂರೂ ಇಲ್ವಾ?"

"ಇಲ್ಲ ಅಂದ್ನಲ್ಲ! ಎಷ್ಟು ಸಲ ಬಡ್ಕೊಳ್ಳೋದು?"

ಫೋನನ್ನು ಜೇಬಿಗೆ ತುರುಕಿದ. ಈಗಲೇ ಹೋದರೆ ಕಣ್ಣು ಉಳಿದೀತು. ಆದರೆ ಮತ್ತೆ ಎಣ್ಣೆ, ಮತ್ತೆ ಬೋರಲು, ಮತ್ತೆ ಅವರೆಲ್ಲರ ಪಾದಗಳು. ಡಾಕ್ಟರನ್ನು, ಹೆಂಡತಿಯನ್ನು, ಅವಳ ತಮ್ಮನನ್ನು, ಆ ಮಗುವಿನ ತಾಯಿಯನ್ನು ಮನಸ್ಸಿನಲ್ಲೇ ಬೈಯುತ್ತ ಬೀದಿ ಬೀದಿ ಸುತ್ತಿದ. ಆಸ್ಪತ್ರೆಯ ಬೀದಿಯೊಂದನ್ನು ಬಿಟ್ಟು.

ಸಂಜೆ ಹೆಂಡತಿ ತಟ್ಟೆ ಇಟ್ಟು ಎದುರಿಗೆ ಕೂತಳು. ಅವಳ ಕೂದಲು ಇರಲಿಲ್ಲ. ಹಣೆಯೂ ಇರಲಿಲ್ಲ.

"ಎಣ್ಣೆ ತೆಗೆಸಿದ್ದು ಒಳ್ಳೇದೇ ಆಯ್ತು ಕಣ್ರೀ," ಎಂದಳು. "ನಾನೇ ಸುಮ್ನೆ ಹೆದರಿದ್ದೆ."

ಅವನು ಅವಳ ಕಣ್ಣುಗಳನ್ನೇ ಹುಡುಕಿದ. ಅಲ್ಲಿ ಕಪ್ಪು ಬಂದು ಕೂತಿತ್ತು. ಕೆಳಗೆ ಬಾಯೊಂದು ಮಾತ್ರ ಆಡುತ್ತಿತ್ತು.

"ನಾನು ಸರಿಯಾಗಿ ಕಾಣ್ತಿದೀನಿ ತಾನೇ?"

"ಹೂಂ. ಪೂರ್ತಿ."

ಬಾಯಿ ನಕ್ಕಿತು. ಅದರ ಮೇಲೆ ಯಾರೂ ಇರಲಿಲ್ಲ.