ಕೈಗುಣದಮ್ಮ ಕಿತ್ತ ಕಳೆ

ಗ್ರಂಥಾಲಯದ ಮುಂದಿನ ಇಳಿಜಾರಿನಲ್ಲಿ ಏನು ಮಾಡಿದರೂ ಹುಲ್ಲು ನಿಲ್ಲುತ್ತಿರಲಿಲ್ಲ. ಅದಕ್ಕೇ ಈ ಸಲ ಪುಟ್ಟ ಡೈಸಿ. ಒಮ್ಮೆ ಬೇರು ಹಿಡಿದರೆ ಗೇಣೆತ್ತರವೂ ಏಳದೆ ಹರಡಿ, ಮಣ್ಣೇ ಕಾಣದಂತೆ ಹೂ ಹೊದಿಸುತ್ತದೆ. ಬೇರು ಹಿಡಿಯುವ ತನಕ ಮಾತ್ರ ಅದರ ಬಿನ್ನಾಣ ಅಷ್ಟಿಷ್ಟಲ್ಲ. ಧೂಳಿನಂಥ ಬೀಜ; ಮರಳಿಗೆ ಬೆರೆಸಿ ಉದುರಿಸಬೇಕು, ಮೇಲೆ ಮಣ್ಣು ಮುಚ್ಚಬಾರದು, ಹಲಗೆಯಿಂದ ಮೆಲ್ಲಗೆ ಒತ್ತಬೇಕು. ಸಸಿ ಎದ್ದ ಮೇಲೆ ಕಳೆಯನ್ನು ಬೆರಳಲ್ಲೇ ಹೆಕ್ಕಬೇಕು. ತಾಳ್ಮೆಯಿದ್ದರೆ ಸಾಲದು, ಕೈಗುಣವೂ ಬೇಕು.

ಕೈಗುಣ ಎಂದರೆ ಅಮ್ಮನದು. ತೋಟದ ಕೆಲಸದವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಕೈಗುಣದಮ್ಮ ಎಂದು. ಅಂಥವಳು ಕಳೆದ ತಿಂಗಳು ಹೂವಿನ ಗೆಡ್ಡೆಗಳನ್ನೆಲ್ಲ ತಲೆಕೆಳಗು ನೆಟ್ಟಿದ್ದಳು. ಗುದ್ದಲಿ ಹಿಡಿಯುವುದನ್ನು ಅವಳಿಂದಲೇ ಕಲಿತಿದ್ದ ಮೇಲ್ವಿಚಾರಕ, ಅವಳ ಜೊತೆಗೇ ಕೆಲಸ ಮಾಡುವ ಮಗಳನ್ನು ಪಕ್ಕಕ್ಕೆ ಕರೆದು, “ಇನ್ನೊಂದ್ಸಲ ಹೀಗಾದ್ರೆ ಅವರನ್ನ ಮನೇಲೇ ಬಿಟ್ಟು ಬರಬೇಕಾಗುತ್ತೆ ಕಣಮ್ಮ” ಎಂದಿದ್ದ. ಮಣ್ಣು ಬಿಡಿಸಿದರೆ ಅಮ್ಮ ಉಳಿಯುವವಳಲ್ಲ. ಅಂದಿನಿಂದ ಮಗಳು ಅವಳ ಬೆನ್ನು ಬಿಟ್ಟಿರಲಿಲ್ಲ.

ಇವತ್ತು ಬಿಟ್ಟಳು. ಹಿತ್ತಲ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು; ಕ್ಯಾನು ತುಂಬಲು ಅರ್ಧ ಗಂಟೆಯಾಯಿತು. ಬಂದು ನೋಡಿದರೆ, ಬುಟ್ಟಿಯಲ್ಲಿ ಡೈಸಿ ಸಸಿಗಳು ಬಿಸಿಲಿಗೆ ಬಾಡಿ ಮುದ್ದೆಯಾಗಿದ್ದವು. ಮಡಿಯಲ್ಲಿ ಉಳಿದದ್ದು ಕಳೆ ಮಾತ್ರ, ಅದೂ ಅಚ್ಚುಕಟ್ಟಾಗಿ.

“ಎಷ್ಟು ಕಳೆ ನೋಡೇ!” ಎಂದಳು ಅಮ್ಮ, ಸೊಂಟ ಹಿಡಿದುಕೊಂಡು ಏಳುತ್ತ.

ಅಷ್ಟರಲ್ಲಿ ಮೇಲ್ವಿಚಾರಕ ಬಂದೇಬಿಟ್ಟ. “ಡೈಸಿ ಎಲ್ಲಾ ಕಿತ್ತೋರು ಯಾರು?”

“ನಾನೇ ಅಣ್ಣ,” ಎಂದಳು ಮಗಳು. “ಏನೋ ಯೋಚನೇಲಿದ್ದೆ. ಹೊಟ್ಟೇಲಿ ಹಾಕ್ಕೊಳ್ಳಿ.”

“ನೀನಾ? ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ!” ಬಾಯಿಗೆ ಬಂದಂತೆ ಬೈದ. ಬೈದರೆ ಬೈಯಲಿ ಬಿಡಿ, ನಂಬಿದನಲ್ಲ! ಮಗಳಿಗೆ ಹೋದ ಜೀವ ಬಂದಂತಾಯಿತು.

ಆದರೆ ಅಮ್ಮನೂ ನಂಬಿದಳು.

“ಡೈಸಿ ಕಿತ್ಯಾ? ಅಯ್ಯೋ, ನಿನ್ನ ಬುದ್ಧಿಗಿಷ್ಟು! ಎಷ್ಟು ಸಲ ಹೇಳಿಕೊಟ್ಟಿದ್ದೀನಿ? ಎಲೆ ಚಮಚದ ಹಾಗಿರುತ್ತೆ, ನೆಲಕ್ಕೆ ಒತ್ತಿಕೊಂಡಿರುತ್ತೆ. ಇಲ್ನೋಡು, ಇದು ಡೈಸಿ.”

ಪಾಠದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬೇರುಸಮೇತ ಎತ್ತಿ ಹಿಡಿದದ್ದು ಮಾತ್ರ ಸೂಜಿಯಂಥ ಎಲೆಯ ಹುಲ್ಲುಕಳೆ.

ಮೇಲ್ವಿಚಾರಕ ಅದನ್ನು ನೋಡಿದ, ಮಗಳ ಮುಖ ನೋಡಿದ. ಅವನ ಕೋಪವೆಲ್ಲ ಇಳಿದುಹೋಯಿತು. ಮಗಳಿಗೆ ಭಯವಾದದ್ದು ಆಗಲೇ.

“ಇನ್ನು ಆಗಲ್ಲ ಕಣಮ್ಮ,” ಎಂದ ಮಗಳಿಗೆ, ಮೆಲ್ಲಗೆ.

ಅಮ್ಮ ಗಾಬರಿಯಾಗಿ ಅವನ ತೋಳು ಹಿಡಿದಳು. “ಒಂದು ತಪ್ಪಿಗೆ ಮಗೂನ ಕೆಲಸದಿಂದ ಬಿಡಿಸ್ತೀಯೇನೋ? ನೀನೇನು ಹುಟ್ಟುತ್ತಲೇ ಕಲಿತು ಬಂದಿದ್ಯಾ? ಕಲೀತಾಳೆ ಬಿಡೋ. ನಾನಿದ್ದೀನಲ್ಲ, ಪಕ್ಕದಲ್ಲೇ ಕೂತು ನೋಡ್ಕೋತೀನಿ.”

ಅವನು ತೋಳು ಬಿಡಿಸಿಕೊಂಡು ಹೊರಟುಹೋದ.

ಮಗಳು ಅಲ್ಲೇ ಕುಸಿದು ಅಳತೊಡಗಿದಳು. ಅಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಆ ಕಳೆಯನ್ನು ಮತ್ತೆ ಮಣ್ಣಿಗಿಟ್ಟು, ಸುತ್ತ ಹೆಬ್ಬೆರಳಿಂದ ಹದವಾಗಿ ಒತ್ತಿದಳು.

“ಅಳಬೇಡ್ವೇ, ನಾನು ಹೇಳಿದ್ದೀನಲ್ಲ ಅವನಿಗೆ. ನೀರು ಹಾಕು, ಬಾಡುತ್ತೆ.”

ಮಗಳು ಕ್ಯಾನು ಎತ್ತಿಕೊಂಡು, ಬುಡ ನೋಡಿ, ನೀರು ಹಾಕಿದಳು.