ಚಂದವ್ವನ ಒಡಪು

"ಏಯ್, ಆ ಬಳೆ ತೆಗಿ ಮಾರಾಯ್ತಿ! ಗಂಡ ಸತ್ತವಳು ಅಂತ ಸ್ಟೇಜಿನ ಮೇಲೆ ಹೇಳುವುದು, ನೀನು ನೋಡಿದ್ರೆ ಮದುಮಗಳ ಹಾಗೆ ಕೈ ತುಂಬ ಹಸಿರು ಬಳೆ ಹಾಕಿಕೊಂಡು ಕೂತಿದ್ದಿ. ಫೋಟೊ ನೋಡಿದವರು ನಂಬುವುದುಂಟಾ?"

ಕನ್ನಡ ಸಂಘದ ಕಾರ್ಯದರ್ಶಿ ವಿಷ್ಣುಮೂರ್ತಿ ತಾನೇ ಕೈ ಹಿಡಿದು ಕಳಚುವುದೊಂದು ಬಾಕಿ. ಚಂದವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ತೆಗ್ಯಂಗಿಲ್ರಿ."

"ಯಾಕೆ?"

"ಅವ್ರು ಇನ್ನಾ ಸತ್ತಿಲ್ರಿ."

"ಎಂಥ ಕರ್ಮ ಇದು! ಅಪರ್ಣಾ ಮೇಡಮ್, ಸ್ವಲ್ಪ ಬನ್ನಿ ಇಲ್ಲಿ. ನಿಮ್ಮ ಕಥೆಯ ಗಂಡ ಬದುಕಿದ್ದಾನಂತೆ!"

ಹಾರ ಜೋಡಿಸುತ್ತಿದ್ದವರೆಲ್ಲ ಕಿಸಕ್ಕೆಂದರು. ಅಪರ್ಣಾ ಓಡಿ ಬಂದು ಬಳೆ ನೋಡಿದಳು, ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಳು. "ಇರ್ಲಿ ಬಿಡಿ ಸಾರ್. ಕಾಂಟ್ರಾಸ್ಟ್ ಚೆನ್ನಾಗಿರುತ್ತೆ" ಅಂದಳು.

ನಗುವವರಿಗೇನು ಗೊತ್ತು? ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯಲ್ಲಿ ಡ್ರಮ್ಮು ಉರುಳಿಸುವ ಚಂದವ್ವನಿಗೆ ಗಂಡ ಸತ್ತದ್ದು ಚೆನ್ನಾಗಿ ಗೊತ್ತಿತ್ತು. ಜಗತ್ತಿಗೆ ಗೊತ್ತಿರಲಿಲ್ಲ, ಅಷ್ಟೇ.

ಅಲ್ಲಿ ಮನುಷ್ಯನಿಗಿಂತ ಅವನ ಗೇಟ್‌ಪಾಸು ದೊಡ್ಡದು. ಮೂರು ದಿನ ಪಾಸು ಒಳಗೆ ಹೋಗದಿದ್ದರೆ ಠೇಕೇದಾರ ಅದನ್ನು ಹರಿದು ಬೇರೆಯವನನ್ನು ಕರೆಯುತ್ತಾನೆ. ಅದಕ್ಕೇ ಒಬ್ಬನಿಗೆ ಜ್ವರ ಬಂದರೆ ಅವನ ಪಾಸಿನ ಮೇಲೆ ಇನ್ನೊಬ್ಬ ಹೋಗುವುದು. ಕೂಲಿಯವರ ಬಸ್ತಿಯಲ್ಲಿ ಎಲ್ಲರೂ ಮಾಡುವ ಕೆಲಸ. ಚಂದವ್ವನ ಅಣ್ಣ ಹಣಮಂತ್ರಾಯನಿಗೆ ಡೆಂಗಿ ಬಂದಾಗ ಅವನ ಪಾಸನ್ನು ಕಿಸೆಗೆ ಹಾಕಿಕೊಂಡು ಬಣ್ಣದ ಕಾರ್ಖಾನೆಯೊಳಗೆ ಹೋದವನು ಅವಳ ಗಂಡ ಅಂಬಾದಾಸ. ಮಧ್ಯಾಹ್ನ ಬಾಯ್ಲರು ಸಿಡಿಯಿತು. ಸಿಕ್ಕಿದ್ದು ಕರಿ ಗಂಟು. ಮುನ್ಸಿಪಾಲಿಟಿ ಗಾಡಿ ಅದನ್ನು ಎಲ್ಲಿಗೋ ಒಯ್ದಿತು.

ಮರುದಿನ ಗೇಟಿಗೆ ಅಂಟಿಸಿದ ಸತ್ತವರ ಪಟ್ಟಿಯಲ್ಲಿ ಹಣಮಂತ್ರಾಯನ ಹೆಸರಿತ್ತು. ಜ್ವರದಲ್ಲೇ ತೂರಾಡುತ್ತ ಹೋದ ಹಣಮಂತ್ರಾಯ ಕೈಮುಗಿದ. "ಸಾಹೇಬ್ರ, ನಾ ಜಿಂದಾ ಅದೀನ್ರಿ. ಒಳಗ ಹ್ವಾದಂವ ನಮ್ಮ ತಂಗಿ ಗಂಡ, ಅಂಬಾದಾಸ."

ಮ್ಯಾನೇಜರ್ ಜಯಂತ್ ಪೆನ್ನು ತೆಗೆದು ಒಂದು ಗೆರೆ ಎಳೆದ. "ನೀನು ಬದುಕಿದೀಯಲ್ಲ, ಒಳ್ಳೇದಾಯ್ತು. ಲಿಸ್ಟಲ್ಲಿ ಒಬ್ಬ ಕಮ್ಮಿ. ಅಂಬಾದಾಸ ಅನ್ನೋನು ನಮ್ಮ ರಿಜಿಸ್ಟರಲ್ಲೇ ಇಲ್ಲ. ಯಾವಳ ಜೊತೆ ಓಡಿಹೋಗಿದಾನೋ ಹುಡುಕು, ನಡಿಯೋ."

ನಿಜ ಹೇಳಲು ಹೋಗಿ ತಂಗಿಯ ಗಂಡನನ್ನು ಎರಡನೇ ಸಲ ಸುಟ್ಟು ಬಂದೆ ಅಂತ ಹಣಮಂತ್ರಾಯ ಹಣೆ ಹಣೆ ಬಡಿದುಕೊಂಡ.

ಊರಿಂದ ಅತ್ತೆ ಫೋನಿನಲ್ಲಿ ಅತ್ತು ಅತ್ತು ಹೇಳಿದ್ದು ಒಂದೇ ಮಾತು. "ಹೆಣಾ ನೋಡಿಲ್ಲ, ಮಣ್ಣು ಕೊಟ್ಟಿಲ್ಲ. ಹೆಸರು ಹಿಡದು 'ಸತ್ತಾನ' ಅಂತ ನಾಕ ಮಂದ್ಯಾಗ ಯಾರರೆ ಹೇಳೂತನಕಾ ಬಳಿ ಒಡಿಬ್ಯಾಡ ಯವ್ವಾ." ಹಿರೀಕರಿಂದ ಬಂದ ಪದ್ಧತಿ. ಎಂಟು ತಿಂಗಳಾಯಿತು. ಚಂದವ್ವ ಅತ್ತ ಮುತ್ತೈದೆಯೂ ಅಲ್ಲ, ಇತ್ತ ರಂಡೆಯೂ ಅಲ್ಲ. ನಳದ ಹತ್ತಿರ ಕೊಡ ಇಟ್ಟರೆ ಸಾಕು, "ಓಡಿಹೋದವನ ಹೇಣ್ತಿ ಬಂದ್ಲು ನೋಡ್ರೆ" ಅಂತ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಅವಳು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬರುತ್ತಿದ್ದಳು.

ಅಂಥ ಹೊತ್ತಿಗೆ ಬಂದವಳು ಅಪರ್ಣಾ. ಮೈಸೂರಿನವಳು, ಮಹಾಪೆಯಲ್ಲಿ ಕಂಪ್ಯೂಟರ್ ಕೆಲಸ, ಬಿಡುವಿನಲ್ಲಿ ಬರವಣಿಗೆ. ಕನ್ನಡ ಸಂಘದ ಶಿಬಿರದ ಚೀಟಿ ತೋರಿಸಿದಳು: "ನಿಜ ಬದುಕು, ನಿಜ ಬರಹ. ಬರಹಗಾರರಿಗೆ ಸುವರ್ಣಾವಕಾಶ." ಕಟ್ಟುಕತೆ ನಡೆಯದು, ನಡೆದದ್ದನ್ನೇ ಬರೆಯಬೇಕು. ಗೆದ್ದವರ ಬರಹ ಪುಸ್ತಕವಾಗುತ್ತದೆ, ಬೆಟ್ಟದ ಮೇಲಿನ ಬಂಗಲೆಯಲ್ಲಿ ಒಂದು ತಿಂಗಳು ಕೂತು ಬರೆಯುವ ಭಾಗ್ಯ ಬೇರೆ.

ಮೂರು ಭಾನುವಾರ ಚಂದವ್ವ ಹೇಳಿದಳು, ಫೋನು ಕೇಳಿಸಿಕೊಂಡಿತು. ಅತ್ತಾಗ ಅಪರ್ಣಾ ಫೋನನ್ನು ಇನ್ನಷ್ಟು ಹತ್ತಿರ ಸರಿಸಿದಳು.

"ಎಲ್ಲಾ ಬರಕೋರಿ ಅಕ್ಕೋರೆ. ಆದ್ರ ಒಂದು ಮಾತ. ಅವ್ರ ಹೆಸರು ಹಾಕ್ರಿ. ಹಾಕಿ ನಾಕ ಮಂದ್ಯಾಗ ಓದ್ರಿ."

"ಖಂಡಿತ ಚಂದವ್ವ. ಪ್ರಾಮಿಸ್. ಏನವರ ಹೆಸರು?"

ಚಂದವ್ವ ಅಣ್ಣನನ್ನು ತಿವಿದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಜನ್ಮದಲ್ಲಿ ಒಂದೇ ಸಲ: ಮದುವೆಯ ದಿನ, ಹೊಸ್ತಿಲಲ್ಲಿ ನಾದಿನಿಯರು ಬಾಗಿಲು ಹಿಡಿದು, ಹೆಸರನ್ನು ಪ್ರಾಸದಲ್ಲಿ ಕಟ್ಟಿ ಒಡಪು ಹಾಕು ಅಂತ ಪೀಡಿಸಿದಾಗ. "ತೊಗರಿ ಹೊಲಕ್ಕ ಬಂತು ಗಿಳಿಯ ಹಿಂಡ, ಓಡಿಸಲಾಕ ಹ್ವಾದ ಅಂಬಾದಾಸ ನನ್ನ ಗಂಡ" ಅಂದು ನಾಚಿ ನೀರಾಗಿ ಒಳಗೆ ಓಡಿದ್ದಳು. ಹಣಮಂತ್ರಾಯನೇ ಹೆಸರು ಹೇಳಿದ.

ಅಪರ್ಣಾಳಿಗೆ ಮೊದಲ ಬಹುಮಾನ ಬಂತು. ಅದಕ್ಕೇ ಈ ಭಾನುವಾರದ ಸಭೆ, ಈ ಬಳೆಯ ರಗಳೆ.

ಸಂಘದ ಸಭಾಂಗಣದಲ್ಲಿ ನಲವತ್ತು ಮಂದಿ ಶಿಬಿರದವರು, ಎಲ್ಲರ ತೊಡೆಯ ಮೇಲೂ ಹೊಸ ನೋಟುಬುಕ್ಕು. ಚಂದವ್ವನಿಗೆ ವೇದಿಕೆಯ ಪಕ್ಕದಲ್ಲಿ ಸ್ಟೂಲು ಕೊಟ್ಟಿದ್ದರು, ಜೊತೆಗೆ ಬಂದ ಹಣಮಂತ್ರಾಯ ಬಾಗಿಲ ಹತ್ತಿರ ನಿಂತಿದ್ದ. ಮುಖ್ಯ ಅತಿಥಿ ಬಂದು ನಡುಗುರ್ಚಿಯಲ್ಲಿ ಕೂತ. ಅಂದು ಗೇಟಿನಲ್ಲಿ ಅಣ್ಣನ ಬೆನ್ನ ಹಿಂದೆ ನಿಂತು ಅವಳು ಕಂಡಿದ್ದ ಮುಖ. ಅದೇ ಜಯಂತ್! ಹಿಂದಿನ ಬ್ಯಾನರಿನಲ್ಲಿ ಅವನ ಕಂಪನಿಯ ಗುರುತು ಇತ್ತು, ಊಟವೂ ಅವರದೇ. ಅವನಿಗೆ ಇವಳ ಗುರುತು ಹತ್ತಲಿಲ್ಲ.

ಅಪರ್ಣಾ ಓದತೊಡಗಿದಳು. ಚಂದ ಓದಿದಳು, ಸುಳ್ಳೇಕೆ? ಹೊಗೆ, ಪಾಸು, ತಂಗಳ ರೊಟ್ಟಿಯ ಗಂಟು, ಎಲ್ಲ ಬಂತು. ಮುಂದಿನ ಸಾಲಿನವರು ಮೂಗು ಒರೆಸಿಕೊಂಡರು. ಚಂದವ್ವ ಎರಡೂ ಮುಂಗೈ ಒತ್ತಿ ಹಿಡಿದು ಕೂತಿದ್ದಳು. ಈಗ ಬರುತ್ತದೆ. ಹೆಸರು ಈಗ ಬರುತ್ತದೆ.

"ದೂರದ ಒಂದು ನಗರದ ಯಾವುದೋ ಕಾರ್ಖಾನೆಯಲ್ಲಿ, ರಾಮಪ್ಪ ಎಂಬ ಬಡವ ಬೂದಿಯಾಗಿದ್ದ..."

ಚಪ್ಪಾಳೆ ಬಿತ್ತು. ವಿಷ್ಣುಮೂರ್ತಿ ಅವಳನ್ನು ರಟ್ಟೆ ಹಿಡಿದು ಮೇಲೆ ಹತ್ತಿಸಿದ. ಜಯಂತ್ ಕ್ಯಾಮೆರಾ ನೋಡುತ್ತ ಅವಳಿಗೆ ಶಾಲು ಹೊದಿಸಿದ.

"ಅಕ್ಕೋರೆ, ರಾಮಪ್ಪ ಯಾರ್ರಿ?"

ಅಪರ್ಣಾ ಕಿವಿಯ ಹತ್ತಿರ ಬಾಗಿದಳು. "ಹೆಸರು ಬದಲಾಯಿಸಿದೀನಿ ಚಂದವ್ವ. ನಿಮ್ಮ ಒಳ್ಳೇದಕ್ಕೇ. ಮತ್ತೆ... ಕಾರ್ಯಕ್ರಮಕ್ಕೆ ಖರ್ಚು ಹಾಕಿರೋದು ಅವರು. ಅರ್ಥ ಮಾಡ್ಕೊಳ್ಳಿ. ಭಾವನೆ ನಿಜಾನೇ ಅಲ್ವಾ?"

"ಸತ್ತಾಂವ ನನ್ನಾಂವ, ಭಾವನಿ ನಿಮ್ದೇನ್ರಿ? ಮಾತ ಕೊಟ್ಟಿದ್ರಿ. ಈಗ ಹೇಳ್ರಿ ಹೆಸರು."

ಅಪರ್ಣಾ ಕಾಗದ ಮಡಿಚಿ ಚೀಲಕ್ಕೆ ಹಾಕಿದಳು.

"ಏನಂತೆ ಅವಳ್ದು?" ಜಯಂತ್ ಕೈಗಡಿಯಾರ ನೋಡಿದ. "ದುಡ್ಡು ಕೇಳ್ತಿದಾಳಾ? ಇವರಿಗೆಲ್ಲ ಒಂದು ಚಟ. ಊಟ ಕೊಟ್ಟು ಕಳಿಸಿ."

"ಥೂ, ನಿನ್ನ ಊಟಕ್ಕಿಷ್ಟು ಬೆಂಕಿ ಹಚ್ಚಲಿ, ಸೂಳಿಮಗನ!"

ಚಂದವ್ವ ಶಾಲು ಕಿತ್ತು ಅವನ ತೊಡೆಯ ಮೇಲೆ ಒಗೆದು ಮೈಕಿಗೆ ಹೋದಳು. ಮದುವೆಯ ದಿನದ ನಾಚಿಕೆ ಅಡ್ಡ ಬಂತು, ಅದನ್ನು ನುಂಗಿದಳು.

"ನಾಕ ಮಂದಿ ಅದೀರಿ, ಕೇಳ್ರಿ. ಒಡಪು ಹೇಳ್ತೀನಿ.

ಈ ಸಾಹೇಬ್ನ ಗೇಟಿನೊಳಗ ಬಾಯ್ಲರ ಸಿಡದು ಕೆಂಡ,
ಸುಟ್ಟು ಸತ್ತಾನ್ರೀ ಅಂಬಾದಾಸ, ನನ್ನ ಗಂಡ!"

"ಮೈಕ್ ಬಂದ್ ಮಾಡಿ ಮಾರಾಯ್ರೆ!" ವಿಷ್ಣುಮೂರ್ತಿ ಕೂಗಿದ. ಮೈಕು ನಿಂತಿತು. ಚಂದವ್ವನ ಬಾಯಿ ನಿಲ್ಲಲಿಲ್ಲ. ಡ್ರಮ್ಮುಗಳ ಸದ್ದಿನ ನಡುವೆ ಕೂಗಿ ಪಳಗಿದ ಗಂಟಲು ಅದು.

"ಓಡಿ ಹೋಗಿಲ್ಲ! ಸತ್ತಾನ! ಅಂಬಾದಾಸ ಸತ್ತಾನ!"

ಜಯಂತನ ಮುಂದಿನ ಮೇಜಿಗೆ, ಬಹುಮಾನದ ಪತ್ರಗಳ ಮೇಲೆ, ಎರಡೂ ಮುಂಗೈ ಎತ್ತಿ ಬಡಿದಳು. ಹಸಿರು ಗಾಜು ಅವನ ಕೋಟಿಗೆ ಸಿಡಿಯಿತು. ಮತ್ತೊಮ್ಮೆ ಬಡಿದಳು. ಕೈ ಬೋಳಾಗಿ ರಕ್ತ ಇಳಿಯಿತು. ಎಂಟು ತಿಂಗಳು ಬಾಯಿಬಿಟ್ಟು ಅಳಲಾಗದಿದ್ದ ಅಳು ಆಗ ಬಂತು, ಗೊಳೋ ಎಂದು ಬಂತು. ಅತ್ತು ಮುಗಿಸಿ ಮುಖವೆತ್ತಿದರೆ ಕೆಳಗೆ ನಲವತ್ತೂ ತಲೆಗಳು ಬಗ್ಗಿದ್ದವು. ಎಲ್ಲರೂ ಬರೆಯುತ್ತಿದ್ದರು.

ಚಂದವ್ವ ಕೆಳಗಿಳಿದು ಮೊದಲ ಸಾಲಿನ ಹುಡುಗಿಯ ಮುಂದೆ ನಿಂತಳು. ಎದೆಯ ಚೀಟಿಯಲ್ಲಿ ಪ್ರಕೃತಿ ಅಂತ ಹೆಸರಿತ್ತು. ಚಂದವ್ವನಿಗೆ ಓದಲು ಬರದು.

"ಏನ ಬರದಿ, ಓದವ್ವಾ."

ಹುಡುಗಿ ತೊದಲಿದಳು. "ಹಸಿರು ಗಾಜಿನ ಚೂರುಗಳಲ್ಲಿ... ಒಂದು ಹೆಣ್ಣಿನ ಮೌನ..."

"ಮೌನ? ಇಷ್ಟ್ ಒದರೀನಿ, ಮೌನ ಅಂತಿಯಾ? ಹೆಸರು ಎಲ್ಲ್ಯದ?"

"ಹೆಸರು... ಬರ್ದಿಲ್ಲ ಆಂಟಿ."

ಜಯಂತ್ ಕೋಟು ಕೊಡವುತ್ತ ಬಾಗಿಲ ಕಡೆ ಸರಸರ ನಡೆದ. ಬಾಗಿಲಲ್ಲಿ ಹಣಮಂತ್ರಾಯ ನಿಂತಿದ್ದ. ಚಿಲಕ ಹಾಕಿ ಬೆನ್ನು ಕೊಟ್ಟು ನಿಂತಿದ್ದ.

"ದಾರಿ ಬಿಡೋ."

"ಈ ಮಾರಿ ಗುರ್ತದೇನ್ರಿ ಸಾಹೇಬ್ರ? ಇದರ ಫೋಟೊ ನಿಮ್ಮ ಪಾಸಿನ ಮ್ಯಾಲಿತ್ತು. ಅಂಬಾದಾಸನ ಕಿಸ್ಯಾಗ ಸುಟ್ಟದ."

"ವಿಷ್ಣುಮೂರ್ತಿ, ಪೊಲೀಸಿಗೆ ಫೋನ್ ಮಾಡ್ರಿ!"

"ಮಾಡ್ರಿ," ಚಂದವ್ವ ತಿರುಗದೆ ಅಂದಳು. "ಅವ್ರೂ ಬರಕೊಳ್ಳಿ."

ಅವಳ ಮುಂಗೈಯಿಂದ ಒಂದು ಹನಿ ಹುಡುಗಿಯ ನೋಟುಬುಕ್ಕಿನ ಮೇಲೆ ಬಿತ್ತು. ಹುಡುಗಿ ಒರೆಸಲು ಹೋಗಿ ಕೈ ಹಿಂದೆಗೆದಳು.

"ಬರಿ ತಂಗಿ. ಮದಲ ಹೆಸರು ಬರಿ. ಬರದು, ಎದ್ದು ನಿಂತು ಓದು. ಆಮ್ಯಾಲ ನಮ್ಮಣ್ಣ ಚಿಲಕಾ ತೆಗಿತಾನ."

ಹುಡುಗಿ ಅಪರ್ಣಾಳತ್ತ ನೋಡಿದಳು. ಅಪರ್ಣಾ ಜಯಂತನತ್ತ ನೋಡುತ್ತಿದ್ದಳು. ಪೆನ್ನಿನ ತುದಿ ಕಾಗದಕ್ಕೆ ತಾಗಿ ನಿಂತಿತ್ತು, ಹೊರಗಿಂದ ಯಾರೋ ಬಾಗಿಲು ಬಡಿಯುತ್ತಿದ್ದರು.