ಅಡುಗೆಮನೆಯ ಭೋಜ್‌ಪುರಿ

ಗಂಡ ಸತ್ತು ಒಂಬತ್ತು ದಿನವಾದರೂ ವಿದ್ವಂತಿಗೆ ಅಳು ಬಂದಿರಲಿಲ್ಲ. ಬೆಳಿಗ್ಗೆ ಏಳುತ್ತಿದ್ದಳು, ಮಾರಿಷಸ್ಸಿನ ರೂಢಿಯಂತೆ ವೆನಿಲಾ ಹಾಕಿ ಚಹಾ ಕುದಿಸುತ್ತಿದ್ದಳು, ಬಂದವರಿಗೆ ಕೊಡುತ್ತಿದ್ದಳು. ಒಳಗೆಲ್ಲ ಮರಗಟ್ಟಿ ಹೋಗಿತ್ತು. ಉಳಿದಿದ್ದ ಚಿಂತೆ ಒಂದೇ: ಕ್ರೇಷನ್ ಹೋದದ್ದು ಅವನ ತಾಯಿಗೆ ಇನ್ನೂ ಗೊತ್ತಾಗಿರಲಿಲ್ಲ.

ಹೇಳುವವರಿಗೇನೂ ಬರವಿರಲಿಲ್ಲ. ಮುದುಕಿ ಸುಖ್ವಾರಿಯಾ ಲಕ್ವ ಹೊಡೆದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಮಗ ತಾನು ಕೆಲಸ ಮಾಡುತ್ತಿದ್ದ ಬಸ್ ಡಿಪೋದಲ್ಲಿ ಎದೆ ಹಿಡಿದುಕೊಂಡು ಬಿದ್ದ. ಅವಳು ಮನೆಗೆ ಬರುವಷ್ಟರಲ್ಲಿ ಬೂದಿಯಾಗಿದ್ದ. ಡಾಕ್ಟರು ಫ್ರೆಂಚಿನಲ್ಲಿ ಹೇಳಿದರು. ಡಿಪೋದ ಸಂತಾಪಪತ್ರ ಇಂಗ್ಲಿಷಿನಲ್ಲಿ ಬಂತು. ಪುರೋಹಿತರು ಗ್ರಾಂಥಿಕ ಹಿಂದಿಯಲ್ಲಿ ಆತ್ಮದ ವಿಷಯ ಬಿಡಿಸಿ ಹೇಳಿದಾಗ ಮುದುಕಿ ಆಶೀರ್ವಾದವೆಂದುಕೊಂಡು ಕೈಮುಗಿದಳು. ವಿದ್ವಂತಿಯೂ ಊರಿನ ಬೀದಿಮಾತಾದ ಕ್ರಿಯೋಲಿನಲ್ಲಿ ಮೂರು ಸಲ ಹೇಳಿ ನೋಡಿದಳು. ಆದರೆ ಲಕ್ವ ಮುದುಕಿಯ ಕ್ರಿಯೋಲನ್ನು ಒರೆಸಿಕೊಂಡು ಹೋಗಿತ್ತು. ಉಳಿದದ್ದು ಬಿಹಾರದಿಂದ ಬಂದ ಕೂಲಿಗಳ ಕಬ್ಬಿನ ಗದ್ದೆಯ ಭೋಜ್‌ಪುರಿ ಒಂದೇ. ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ತಲೆಯಾಡಿಸಿದಳಲ್ಲ, ಅರ್ಥವಾಯಿತು ಎಂದು ಬಂದವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಭೋಜ್‌ಪುರಿ ಬಲ್ಲ ಪಕ್ಕದ ಮನೆಯ ಚಾಚಿ ಮೆಲ್ಲಗೆ ಜಾರಿಕೊಂಡಳು.

"ಮನೆ ಸಾವು ಮನೆಯವ್ರ ಬಾಯಿಂದ್ಲೇ ಬರ್ಬೇಕಮ್ಮ. ನನ್ನ ಬಾಯಲ್ಲಿ ಬೇಡ."

ವಿದ್ವಂತಿಗೆ ಆ ಭಾಷೆ ಆಡಲು ಬರುವುದಿಲ್ಲವೆಂದೇ ಊರಿನ ನಂಬಿಕೆ. ಅವಳದೂ ಹೆಚ್ಚುಕಡಿಮೆ ಅದೇ. ಭೋಜ್‌ಪುರಿ ಆಡಿದರೆ ಫ್ರೆಂಚ್ ಕೆಡುತ್ತದೆಂದು ತವರಿನಲ್ಲಿ ಹೆದರಿಸಿ ಬೆಳೆಸಿದ್ದರು. ಹದಿನೈದು ವರ್ಷ ಅತ್ತೆ ಭೋಜ್‌ಪುರಿಯಲ್ಲಿ ಕೇಳಿದ್ದಕ್ಕೆಲ್ಲ ಇವಳು ಕ್ರಿಯೋಲಿನಲ್ಲಿ ಉತ್ತರ ಕೊಟ್ಟಳು, ಸಂಸಾರ ನಡೆದೇ ಹೋಯಿತು. ಮಾರಿಷಸ್ಸಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಕಥೆ ಇಷ್ಟೇ. ಅಮ್ಮನ ಹತ್ತಿರ ಅವಳ ಭಾಷೆಯಲ್ಲಿ ಒಂದೆರಡು ಮಾತಾಡು ಮಾರಾಯ್ತಿ ಎಂದು ಕ್ರೇಷನ್ ಆಗಾಗ ಗೋಗರೆಯುತ್ತಿದ್ದ. ನಾಳೆ ನೋಡೋಣ ಎನ್ನುತ್ತಿದ್ದಳು.

ಅಂದು ಸಂಜೆಯೂ ಮುದುಕಿ ಸರಿಯಿದ್ದ ಕೈಯಲ್ಲಿ ಮೂರು ತಟ್ಟೆ ಇಟ್ಟಳು. ಮೂರನೆಯದರಲ್ಲಿ ರೊಟ್ಟಿ ಹಾಕಿ ಮುಚ್ಚಿ, ಬಾಗಿಲ ಕಡೆ ನೋಡುತ್ತಾ ಕೂತಳು. ಇನ್ನು ನಾಲ್ಕು ದಿನಕ್ಕೆ ಹದಿಮೂರನೆಯ ದಿನದ ಊಟ, ಊರೆಲ್ಲ ಬರುತ್ತದೆ. ಆ ಪಂಕ್ತಿಯಲ್ಲಿ ಕೂತು ತಾಯಿ ಮಗನ ದಾರಿ ಕಾಯುವುದೇ, ಶಿವನೇ!

ವಿದ್ವಂತಿ ಬಾಯಿ ತೆರೆದಳು. ಸಾವಿಗೆ, ಚಿತೆಗೆ, ಎದೆಯ ನೋವಿಗೆ ಅವಳ ಬಳಿ ಭೋಜ್‌ಪುರಿ ಇರಲಿಲ್ಲ. ಕಿವಿಯಲ್ಲಿ ಕೂತಿದ್ದದ್ದು ಅಡುಗೆಮನೆಯ ಮಾತು ಮಾತ್ರ. ಅದರಲ್ಲೇ ಹೇಳಿದಳು.

"ಅತ್ತೆ, ತಟ್ಟೆ ಎರಡೇ ಸಾಕು."

"ಯಾಕೇ? ಅವ್ನು ಹೊರಗೆ ತಿಂದ್ಕೊಂಡು ಬರ್ತಾನಾ?"

"ಇಲ್ಲ. ಅವ್ರಿಗೆ ಇನ್ಮೇಲೆ ಬಡಿಸೋದಿಲ್ಲ. ನಾಳೆನೂ ಇಲ್ಲ. ಯಾವತ್ತೂ ಇಲ್ಲ."

ಮುದುಕಿ ಈ ಸಲ ತಲೆಯಾಡಿಸಲಿಲ್ಲ. ಇಷ್ಟು ದಿನ ಕಣ್ಣೆದುರೇ ಓಡಾಡಿದ ಸೊಸೆಯ ಬೈತಲೆಯನ್ನು ಈಗ ನೋಡಿದಳು. ಅಲ್ಲಿ ಕುಂಕುಮವಿರಲಿಲ್ಲ. ಮೂರನೆಯ ತಟ್ಟೆಯಿಂದ ರೊಟ್ಟಿ ತೆಗೆದಿಟ್ಟು, ಸೆರಗಿನಿಂದ ತಟ್ಟೆ ಒರೆಸಿದಳು, ಮತ್ತೆ ಒರೆಸಿದಳು, ಮಡಿಲಲ್ಲಿ ಬೋರಲು ಹಾಕಿಕೊಂಡಳು.

ಸೊಸೆಯ ಕಡೆ ತಿರುಗಿ ಕೇಳಿದಳು.

"ನಿಂಗೆ ನನ್ನ ಭಾಷೆ ಆಡೋಕೂ ಬರ್ತಿತ್ತಾ?"

ವಿದ್ವಂತಿ ಹೂಂ ಎಂದಳು.

"ಹದಿನೈದು ವರ್ಷ ಆಡ್ಲಿಲ್ಲ. ಇದನ್ನ ಹೇಳಕ್ಕೇ ಇಟ್ಕೊಂಡಿದ್ಯಾ?"

ಒಂಬತ್ತು ದಿನ ಬಾರದ ಅಳು ವಿದ್ವಂತಿಗೆ ಈಗ ಬಂತು. ಅದನ್ನು ನುಂಗಿಕೊಂಡು, ಅತ್ತೆಯ ತಟ್ಟೆಗೆ ಬೇಳೆ ಬಡಿಸಿ, ಭೋಜ್‌ಪುರಿಯಲ್ಲೇ "ಊಟ ಮಾಡಿ" ಎಂದಳು.